ನಾಲ್ಕು ಬದಿ ಅಳೆದರೆ ಸೈಟಿನ ವಿಸ್ತೀರ್ಣ ಸಿಗುತ್ತದೆಯೇ? ಬಹುಭುಜಗಳ ಲೆಕ್ಕ ಮತ್ತು ಫಾರ್ವರ್ಡ್ ಸೂತ್ರದ ಸತ್ಯಾಂಶ

"ಸೈಟ್ ಓರೆಯಾಗಿದೆಯೇ? ಚಿಂತೆ ಬೇಡ. ಎದುರುಬದುರು ಬದಿಗಳನ್ನು ಕೂಡಿಸಿ ಎರಡರಿಂದ ಭಾಗಿಸಿ. ಬಂದ ಎರಡು ಸಂಖ್ಯೆಗಳನ್ನು ಗುಣಿಸಿ. ಯಾವ ಆಕಾರ ಇದ್ದರೂ ಸರಿಯಾದ ಚದರ ಅಡಿ ಸಿಗುತ್ತದೆ. ಎಲ್ಲರಿಗೂ ಶೇರ್ ಮಾಡಿ."

ಇಂಥದೊಂದು ಸಂದೇಶ ನಿಮ್ಮ ಗ್ರೂಪ್‌ಗೂ ಬಂದಿರಬಹುದು. ನಮ್ಮ ಕುಟುಂಬದ ಗ್ರೂಪ್‌ಗೆ ಬಂದಾಗ ಚಿಕ್ಕಪ್ಪ ಒಂದು ಓರೆ ಸೈಟಿಗೆ ಮುಂಗಡ ಕೊಡುವ ಹಂತದಲ್ಲಿದ್ದರು. ಮಾರುವವರು ಹೇಳಿದ ಚದರ ಅಡಿ ಈ ಸೂತ್ರದ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತಿತ್ತು. ಹಾಗಾಗಿ ಎಲ್ಲರಿಗೂ ಸಮಾಧಾನ. ಆದರೆ ಇಬ್ಬರೂ ಒಂದೇ ತಪ್ಪು ಸೂತ್ರ ಬಳಸಿದರೆ ಉತ್ತರ ಹೊಂದಲೇಬೇಕಲ್ಲವೇ?

ಈ ಸೂತ್ರ ಎಲ್ಲಿ ಸರಿ, ಎಲ್ಲಿ ತಪ್ಪು, ತಪ್ಪಿದರೆ ಯಾರಿಗೆ ನಷ್ಟ, ಸರಿಯಾದ ವಿಧಾನ ಯಾವುದು ಎಂಬುದನ್ನು ನೋಡೋಣ.

ಒಂದೇ ಮಾತಿನಲ್ಲಿ ಉತ್ತರ

ನಾಲ್ಕು ಬದಿಗಳ ಉದ್ದವಷ್ಟೇ ಗೊತ್ತಿದ್ದರೆ ಯಾವುದೇ ಜಾಗದ ವಿಸ್ತೀರ್ಣ ನಿಖರವಾಗಿ ಹೇಳಲು ಸಾಧ್ಯವಿಲ್ಲ. ಫಾರ್ವರ್ಡ್ ಸೂತ್ರ ಆಯತ ಮತ್ತು ಚೌಕಕ್ಕೆ ಮಾತ್ರ ಸರಿ. ಉಳಿದ ಎಲ್ಲ ಚತುರ್ಭುಜಗಳಿಗೂ ಅದು ನಿಜಕ್ಕಿಂತ ಹೆಚ್ಚಿನ ಉತ್ತರ ಕೊಡುತ್ತದೆ, ಒಮ್ಮೆಯೂ ಕಡಿಮೆ ಕೊಡುವುದಿಲ್ಲ. ಅಂದರೆ ಚದರ ಅಡಿ ಲೆಕ್ಕದಲ್ಲಿ ಕೊಳ್ಳುವವರಿಗೆ ಇದರಿಂದ ಲಾಭ ಆಗುವ ಸಾಧ್ಯತೆಯೇ ಇಲ್ಲ.

ಬಹುಭುಜ ಎಂದರೇನು? ಯಾವ ಯಾವ ಬಗೆ?

ನೇರ ಗೆರೆಗಳಿಂದ ಮುಚ್ಚಿದ ಸಮತಲ ಆಕೃತಿಯೇ ಬಹುಭುಜ. ವೃತ್ತ ಬಹುಭುಜವಲ್ಲ, ಏಕೆಂದರೆ ಅದಕ್ಕೆ ನೇರ ಬದಿಗಳಿಲ್ಲ. ಬಹುಭುಜಗಳನ್ನು ಮೂರು ರೀತಿಯಲ್ಲಿ ವಿಂಗಡಿಸಬಹುದು.

ಮೊದಲನೆಯದು ಬದಿಗಳ ಎಣಿಕೆ. ಮೂರು ಬದಿ ಇದ್ದರೆ ತ್ರಿಭುಜ, ನಾಲ್ಕಿದ್ದರೆ ಚತುರ್ಭುಜ, ಐದಿದ್ದರೆ ಪಂಚಭುಜ, ಆರಿದ್ದರೆ ಷಡ್ಭುಜ, ಎಂಟಿದ್ದರೆ ಅಷ್ಟಭುಜ.

ಎರಡನೆಯದು ನಿಯಮಿತವೋ ಅನಿಯಮಿತವೋ ಎಂಬುದು. ಎಲ್ಲ ಬದಿಗಳೂ ಸಮ, ಎಲ್ಲ ಕೋನಗಳೂ ಸಮ ಇದ್ದರೆ ಅದು ನಿಯಮಿತ ಬಹುಭುಜ. ಜೇನುಗೂಡಿನ ಕೋಣೆಗಳು ಹೆಚ್ಚುಕಡಿಮೆ ನಿಯಮಿತ ಷಡ್ಭುಜಗಳು. ನಮ್ಮ ಹೊಲ, ಸೈಟ್‌ಗಳು ಸಾಮಾನ್ಯವಾಗಿ ಅನಿಯಮಿತ.

ಮೂರನೆಯದು ಪೀನವೋ ನಿಮ್ನವೋ ಎಂಬುದು. ಎಲ್ಲ ಮೂಲೆಗಳೂ ಹೊರಕ್ಕೆ ಚಾಚಿದ್ದರೆ ಪೀನ. ಒಂದು ಮೂಲೆಯಾದರೂ ಒಳಕ್ಕೆ ತಗ್ಗಿದ್ದರೆ ನಿಮ್ನ. ಒಂದು ಮೂಲೆ ಕತ್ತರಿಸಿದ ಆಯತದಂಥ ಸೈಟ್, ಅಂದರೆ ಮೇಸ್ತ್ರಿಗಳ ಮೂಲೆಮಟ್ಟದ ಆಕಾರದ್ದು, ನಿಮ್ನ ಬಹುಭುಜ.

ಚತುರ್ಭುಜದ ಒಳಗೂ ಒಂದು ಕುಟುಂಬವಿದೆ. ಸೈಟಿನ ಲೆಕ್ಕಕ್ಕೆ ಇದು ಬಹಳ ಮುಖ್ಯ:

- ತ್ರಾಪಿಜ್ಯ: ಒಂದು ಜೊತೆ ಎದುರು ಬದಿಗಳು ಸಮಾಂತರ.
- ಸಮಾಂತರ ಚತುರ್ಭುಜ: ಎರಡೂ ಜೊತೆ ಎದುರು ಬದಿಗಳು ಸಮಾಂತರ.
- ಆಯತ: ಸಮಾಂತರ ಚತುರ್ಭುಜವೇ, ಆದರೆ ನಾಲ್ಕು ಮೂಲೆಗಳೂ ಲಂಬಕೋನ.
- ವಜ್ರಾಕೃತಿ: ಸಮಾಂತರ ಚತುರ್ಭುಜವೇ, ಆದರೆ ನಾಲ್ಕು ಬದಿಗಳೂ ಸಮ.
- ಚೌಕ: ಆಯತವೂ ಹೌದು, ವಜ್ರಾಕೃತಿಯೂ ಹೌದು.
- ಗಾಳಿಪಟ: ಅಕ್ಕಪಕ್ಕದ ಬದಿಗಳು ಎರಡು ಜೊತೆಯಾಗಿ ಸಮ.
- ಇವು ಯಾವುದೂ ಅಲ್ಲದ್ದು: ಸಾಮಾನ್ಯ ಚತುರ್ಭುಜ.

"ಚೌಕ ಬೇರೆ, ಆಯತ ಬೇರೆ" ಎಂದು ಹಲವರು ತಿಳಿದಿರುತ್ತಾರೆ. ನಿಜವೆಂದರೆ ಪ್ರತಿ ಚೌಕವೂ ಆಯತವೇ. ಪ್ರತಿ ಆಯತವೂ ಚೌಕವಲ್ಲ, ಅಷ್ಟೇ. ಕುಟುಂಬದಲ್ಲಿ ಮೇಲಿರುವವರ ಸೂತ್ರ ಕೆಳಗಿನವರಿಗೂ ಸಲ್ಲುತ್ತದೆ. ಕೆಳಗಿನವರ ಸೂತ್ರವನ್ನು ಮೇಲಿನವರಿಗೆ ಹಚ್ಚಿದರೆ ಮಾತ್ರ ಲೆಕ್ಕ ತಪ್ಪುತ್ತದೆ. ಫಾರ್ವರ್ಡ್ ಸಂದೇಶ ಮಾಡಿರುವ ತಪ್ಪೂ ಇದೇ: ಆಯತದ ಸೂತ್ರವನ್ನು ಎಲ್ಲ ಚತುರ್ಭುಜಗಳಿಗೂ ಹಚ್ಚಿದೆ.

ಸುತ್ತಳತೆ ಬೇರೆ, ವಿಸ್ತೀರ್ಣ ಬೇರೆ

ಸುತ್ತಳತೆ ಎಂದರೆ ಎಲ್ಲ ಬದಿಗಳ ಮೊತ್ತ. ಬೇಲಿಗೆ ಎಷ್ಟು ತಂತಿ ಬೇಕು, ಕಾಂಪೌಂಡ್ ಎಷ್ಟು ಉದ್ದ ಕಟ್ಟಬೇಕು ಎಂಬುದನ್ನು ಅದು ಹೇಳುತ್ತದೆ. ಯಾವ ಬಹುಭುಜಕ್ಕಾದರೂ ಇದು ಸುಲಭ: ಬದಿಗಳನ್ನು ಕೂಡಿಸಿದರೆ ಸಾಕು.

ವಿಸ್ತೀರ್ಣ ಒಳಗಿನ ಜಾಗದ ಅಳತೆ. "ಸುತ್ತಳತೆ ಒಂದೇ ಇದ್ದರೆ ಜಾಗವೂ ಒಂದೇ" ಎಂಬುದು ಬಹಳ ಜನರ ನಂಬಿಕೆ. ಈ ಲೆಕ್ಕ ನೋಡಿ. ಕೆಳಗಿನ ಎಲ್ಲ ಆಕಾರಗಳ ಸುತ್ತಳತೆ 140 ಅಡಿ:

- 10 × 60 ಆಯತ: 600 ಚದರ ಅಡಿ
- 20 × 50 ಆಯತ: 1000 ಚದರ ಅಡಿ
- 30 × 40 ಆಯತ: 1200 ಚದರ ಅಡಿ
- 35 × 35 ಚೌಕ: 1225 ಚದರ ಅಡಿ
- ನಿಯಮಿತ ಷಡ್ಭುಜ: ಸುಮಾರು 1414 ಚದರ ಅಡಿ

ಬೇಲಿಯ ಖರ್ಚು ಒಂದೇ, ಒಳಗಿನ ಜಾಗ ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಇನ್ನೊಂದು ಅಚ್ಚರಿ: 30 × 40 ಸೈಟಿನ ಒಂದು ಮೂಲೆಯಲ್ಲಿ 10 × 10 ತುಂಡನ್ನು ಕತ್ತರಿಸಿ ತೆಗೆದರೂ ಸುತ್ತಳತೆ 140 ಅಡಿಯೇ ಉಳಿಯುತ್ತದೆ. ವಿಸ್ತೀರ್ಣ ಮಾತ್ರ 1100ಕ್ಕೆ ಇಳಿಯುತ್ತದೆ. ಸುತ್ತಳತೆ ನೋಡಿ ಜಾಗ ಅಂದಾಜು ಮಾಡಬಾರದು ಎನ್ನುವುದು ಇದಕ್ಕೇ.

ನಾಲ್ಕು ಕಡ್ಡಿಗಳ ಪ್ರಯೋಗ

ಸುತ್ತಳತೆ ಬಿಡಿ, ಪ್ರತಿ ಬದಿಯ ಉದ್ದವೂ ಬೇರೆಬೇರೆಯಾಗಿ ಗೊತ್ತಿದ್ದರೆ ಸಾಲದೇ? ಸಾಲದು. ಮನೆಯಲ್ಲೇ ಪರೀಕ್ಷಿಸಬಹುದು.

ಎರಡು ಉದ್ದದ ಕಡ್ಡಿ, ಎರಡು ಗಿಡ್ಡ ಕಡ್ಡಿ ತೆಗೆದುಕೊಂಡು ಮೂಲೆಗಳಲ್ಲಿ ದಾರದಿಂದ ಸಡಿಲವಾಗಿ ಕಟ್ಟಿ. ಆಯತ ಬರುತ್ತದೆ. ಈಗ ಒಂದು ಮೂಲೆಯನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ. ಕಡ್ಡಿಗಳ ಉದ್ದ ಬದಲಾಗಲಿಲ್ಲ. ಆದರೆ ಆಕಾರ ಓರೆಯಾಯಿತು, ಒಳಗಿನ ಜಾಗ ಕುಗ್ಗಿತು. ಪೂರ್ತಿ ತಳ್ಳಿದರೆ ಕಡ್ಡಿಗಳು ಒಂದರ ಮೇಲೊಂದು ಮಲಗಿ ಜಾಗ ಸೊನ್ನೆಯಾಗುತ್ತದೆ. 30, 40, 30, 40 ಅಡಿ ಬದಿಗಳ ಸೈಟ್ ಮೂಲೆ ನೆಟ್ಟಗಿದ್ದರೆ 1200 ಚದರ ಅಡಿ. ಮೂಲೆಯ ಕೋನ 60 ಡಿಗ್ರಿಗೆ ಇಳಿದರೆ ಸುಮಾರು 1039 ಮಾತ್ರ. ಫಾರ್ವರ್ಡ್ ಸೂತ್ರ ಎರಡಕ್ಕೂ 1200 ಎಂದೇ ಹೇಳುತ್ತದೆ.

ಇದೇ ಪ್ರಯೋಗವನ್ನು ಮೂರು ಕಡ್ಡಿಗಳಲ್ಲಿ ಮಾಡಿ. ತ್ರಿಭುಜ ಅಲ್ಲಾಡುವುದೇ ಇಲ್ಲ. ಮೂರು ಬದಿ ಗೊತ್ತಾದರೆ ತ್ರಿಭುಜದ ಆಕಾರ ಗಟ್ಟಿಯಾಯಿತು, ವಿಸ್ತೀರ್ಣವೂ ಗಟ್ಟಿಯಾಯಿತು. ಹಾಗಾಗಿಯೇ ಸರಿಯಾದ ವಿಧಾನ ತ್ರಿಭುಜದಿಂದ ಶುರುವಾಗುತ್ತದೆ.

ಸರಿಯಾದ ವಿಧಾನ: ಕರ್ಣ ಅಳೆಯಿರಿ

ಒಂದು ಮೂಲೆಯಿಂದ ಎದುರಿನ ಮೂಲೆಗೆ ಟೇಪ್ ಎಳೆಯಿರಿ. ಅದೇ ಕರ್ಣ. ಈ ಒಂದು ಅಳತೆ ಸೇರಿದರೆ ಚತುರ್ಭುಜ ಎರಡು ತ್ರಿಭುಜಗಳಾಗಿ ಒಡೆಯುತ್ತದೆ. ಪ್ರತಿ ತ್ರಿಭುಜದ ವಿಸ್ತೀರ್ಣವನ್ನು ಹೆರಾನ್ ಸೂತ್ರದಿಂದ ಕಂಡುಹಿಡಿಯಬಹುದು. ಇದು ಅಲೆಕ್ಸಾಂಡ್ರಿಯಾದ ಹೆರಾನ್ ಹೆಸರಿನಲ್ಲಿ ಪ್ರಸಿದ್ಧವಾದ, ಶಾಲೆಯಲ್ಲಿ ನಾವೆಲ್ಲ ಕಲಿತ ಸೂತ್ರ:

1. ಮೂರು ಬದಿಗಳನ್ನು ಕೂಡಿಸಿ ಅರ್ಧ ಮಾಡಿ. ಇದು ಅರ್ಧ ಸುತ್ತಳತೆ.
2. ಅರ್ಧ ಸುತ್ತಳತೆಯಿಂದ ಪ್ರತಿ ಬದಿಯನ್ನೂ ಬೇರೆಬೇರೆಯಾಗಿ ಕಳೆಯಿರಿ.
3. ಅರ್ಧ ಸುತ್ತಳತೆ ಮತ್ತು ಬಂದ ಮೂರು ಸಂಖ್ಯೆಗಳನ್ನು ಗುಣಿಸಿ.
4. ಅದರ ವರ್ಗಮೂಲ ತೆಗೆಯಿರಿ. ಅದೇ ವಿಸ್ತೀರ್ಣ.

ಒಂದು ಉದಾಹರಣೆ. ಲೆಕ್ಕ ಸುಲಭವಾಗಲೆಂದು ಪೂರ್ಣ ಸಂಖ್ಯೆ ಬರುವ ಅಳತೆಗಳನ್ನೇ ಆರಿಸಿದ್ದೇನೆ. ಸೈಟಿನ ಬದಿಗಳು ಕ್ರಮವಾಗಿ 34, 50, 25, 39 ಅಡಿ. 34 ಮತ್ತು 50ರ ಬದಿಗಳನ್ನು ಒಂದು ಪಕ್ಕಕ್ಕೆ, 25 ಮತ್ತು 39ರ ಬದಿಗಳನ್ನು ಇನ್ನೊಂದು ಪಕ್ಕಕ್ಕೆ ಬೇರ್ಪಡಿಸುವ ಕರ್ಣ 56 ಅಡಿ.

ಮೊದಲ ತ್ರಿಭುಜ 34, 50, 56. ಮೊತ್ತ 140, ಅರ್ಧ 70. ಕಳೆದಾಗ 36, 20, 14. ಗುಣಿಸಿದರೆ 70 × 36 × 20 × 14 = 7,05,600. ವರ್ಗಮೂಲ 840.

ಎರಡನೆಯ ತ್ರಿಭುಜ 25, 39, 56. ಮೊತ್ತ 120, ಅರ್ಧ 60. ಕಳೆದಾಗ 35, 21, 4. ಗುಣಿಸಿದರೆ 60 × 35 × 21 × 4 = 1,76,400. ವರ್ಗಮೂಲ 420.

ಸೈಟಿನ ನಿಜವಾದ ವಿಸ್ತೀರ್ಣ 840 + 420 = 1260 ಚದರ ಅಡಿ.

ಈಗ ಫಾರ್ವರ್ಡ್ ಸೂತ್ರ. 34 + 25 = 59, ಅರ್ಧ 29.5. 50 + 39 = 89, ಅರ್ಧ 44.5. ಗುಣಿಸಿದರೆ 1312.75 ಚದರ ಅಡಿ.

ವ್ಯತ್ಯಾಸ 52.75 ಚದರ ಅಡಿ. ಒಂದು ಗುಂಟೆಗೆ 1089 ಚದರ ಅಡಿ, 16 ಆಣೆ. ಆ ಲೆಕ್ಕದಲ್ಲಿ ಇದು ಮುಕ್ಕಾಲು ಆಣೆಗಿಂತ ತುಸು ಹೆಚ್ಚು. ಸಣ್ಣದೆನಿಸಬಹುದು. ಆದರೆ ಚದರ ಅಡಿಗೆ 3,000 ರೂಪಾಯಿ ಎಂದಿಟ್ಟುಕೊಂಡರೆ ಇಲ್ಲದ ಜಾಗಕ್ಕೆ ನೀವು ಕೊಡುವ ಹಣ 1,58,250 ರೂಪಾಯಿ.

ಇದೇ ನಾಲ್ಕು ಬದಿಗಳಿರುವ ಇನ್ನೊಂದು ಸೈಟಿನಲ್ಲಿ ಕರ್ಣ 60 ಅಡಿ ಇದೆ ಎನ್ನಿ. ಆಗ ವಿಸ್ತೀರ್ಣ ಸುಮಾರು 1175ಕ್ಕೆ ಇಳಿಯುತ್ತದೆ. ಫಾರ್ವರ್ಡ್ ಸೂತ್ರ ಅಲ್ಲಿಯೂ 1312.75 ಎಂದೇ ಹೇಳುತ್ತದೆ. ವಾಸ್ತವವಾಗಿ ಈ ನಾಲ್ಕು ಬದಿಗಳಿಂದ ಯಾವ ಆಕಾರ ಮಾಡಿದರೂ ಸುಮಾರು 1283 ಚದರ ಅಡಿಗಿಂತ ಹೆಚ್ಚು ಜಾಗ ಸಿಗಲು ಸಾಧ್ಯವೇ ಇಲ್ಲ. ಸಂದೇಶ ಹೇಳುವ 1312.75 ಚದರ ಅಡಿಯ ಸೈಟ್ ಭೂಮಿಯ ಮೇಲೆ ಎಲ್ಲೂ ಇರಲಾರದು.

ಸೂತ್ರ ಯಾವಾಗಲೂ ಹೆಚ್ಚೇ ಯಾಕೆ ಹೇಳುತ್ತದೆ?

ಎರಡು ಬದಿಗಳ ನಡುವಿನ ತ್ರಿಭುಜ ಅತಿ ದೊಡ್ಡದಾಗುವುದು ಅವು ಲಂಬಕೋನದಲ್ಲಿ ಸೇರಿದಾಗ. ಆಗ ಅದರ ವಿಸ್ತೀರ್ಣ ಎರಡೂ ಬದಿಗಳ ಗುಣಲಬ್ಧದ ಅರ್ಧ. ಮೂಲೆ ಅದಕ್ಕಿಂತ ಚೂಪಾದರೂ ಅಗಲವಾದರೂ ತ್ರಿಭುಜ ಕುಗ್ಗುತ್ತದೆ.

ನಮ್ಮ ಸೈಟನ್ನು ಒಂದು ಕರ್ಣದಿಂದ ಒಡೆದರೆ ಎರಡು ತ್ರಿಭುಜಗಳು ಹೆಚ್ಚೆಂದರೆ 850 ಮತ್ತು 487.5, ಒಟ್ಟು 1337.5. ಇನ್ನೊಂದು ಕರ್ಣದಿಂದ ಒಡೆದರೆ ಹೆಚ್ಚೆಂದರೆ 625 ಮತ್ತು 663, ಒಟ್ಟು 1288. ಸೈಟಿನ ವಿಸ್ತೀರ್ಣ ಈ ಎರಡನ್ನೂ ಮೀರುವಂತಿಲ್ಲ. ಈಗ ಇವೆರಡರ ಸರಾಸರಿ ತೆಗೆಯಿರಿ: 1312.75. ಫಾರ್ವರ್ಡ್ ಸೂತ್ರದ ಉತ್ತರ ಅದೇ!

ಅಂದರೆ ಆ ಸೂತ್ರ ನಾಲ್ಕೂ ಮೂಲೆಗಳು ಲಂಬಕೋನ ಎಂದು ಊಹಿಸಿಕೊಂಡು ಗರಿಷ್ಠ ಜಾಗ ಹೇಳುತ್ತದೆ. ನಾಲ್ಕೂ ಮೂಲೆ ನಿಜವಾಗಿ ಲಂಬಕೋನವಾಗಿದ್ದರೆ ಅದು ಆಯತ, ಉತ್ತರ ಸರಿ. ಇಲ್ಲದಿದ್ದರೆ ಉತ್ತರ ಖಂಡಿತ ಹೆಚ್ಚು.

ಹಾಗಾದರೆ ಈ ಸೂತ್ರ ಎಲ್ಲಿಂದ ಬಂತು?

ಇದು ವಾಟ್ಸ್ಆ್ಯಪ್ ಕಾಲದ್ದಲ್ಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲೇ ಇದಿದೆ. ಆದರೆ ಅವನು ಇದನ್ನು ಸ್ಥೂಲ, ಅಂದರೆ ಒರಟು ಅಂದಾಜು ಎಂದು ಕರೆದು, ಜೊತೆಗೇ ಸೂಕ್ಷ್ಮ ಸೂತ್ರವನ್ನೂ ಕೊಟ್ಟಿದ್ದಾನೆ. ಆ ಸೂಕ್ಷ್ಮ ಸೂತ್ರ ಕೂಡ ನಾಲ್ಕೂ ಮೂಲೆಗಳು ಒಂದೇ ವೃತ್ತದ ಮೇಲೆ ಕೂರುವ ಚಕ್ರೀಯ ಚತುರ್ಭುಜಕ್ಕೆ ಮಾತ್ರ ಸಲ್ಲುತ್ತದೆ. ಮೇಲೆ ಹೇಳಿದ ಗರಿಷ್ಠ ಮಿತಿ 1283 ಬಂದದ್ದು ಅದರಿಂದಲೇ.

9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲೂ ಇದೇ ಎರಡು ದರ್ಜೆ ಕಾಣುತ್ತದೆ: ದಿನಬಳಕೆಯ ಅಂದಾಜು ಒಂದು, ಸೂಕ್ಷ್ಮ ಲೆಕ್ಕ ಇನ್ನೊಂದು.

1150ರ ಸುಮಾರಿಗೆ ಲೀಲಾವತಿ ಬರೆದ ಭಾಸ್ಕರಾಚಾರ್ಯ ಮಾತ್ರ ಮುಲಾಜಿಲ್ಲದೆ ಹೇಳಿಬಿಟ್ಟ. ಬದಿಗಳು ಅವೇ ಇದ್ದರೂ ಎದುರು ಮೂಲೆಗಳನ್ನು ಒಳಕ್ಕೆ ಒತ್ತಿದರೆ ಕರ್ಣ ಬದಲಾಗುತ್ತದೆ, ಜೊತೆಗೆ ವಿಸ್ತೀರ್ಣವೂ. ಆದ್ದರಿಂದ ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ಚತುರ್ಭುಜದ ವಿಸ್ತೀರ್ಣ ಕೇಳುವವನು ಪಿಶಾಚಿ, ಉತ್ತರ ಕೊಡುವವನು ಅದಕ್ಕಿಂತ ದೊಡ್ಡ ಪಿಶಾಚಿ ಎಂಬುದು ಅವನ ಮಾತಿನ ಸಾರಾಂಶ. ನಮ್ಮ ಕಡ್ಡಿ ಪ್ರಯೋಗದ ತಾತ್ಪರ್ಯ ಎಂಟು ಶತಮಾನಗಳ ಹಿಂದೆಯೇ ಬರೆದಿಟ್ಟಾಗಿದೆ.

"ಪ್ರಾಚೀನ ಸೂತ್ರ, ಹಾಗಾಗಿ ಸರಿ" ಎನ್ನುವವರಿಗೆ ಇದೇ ಉತ್ತರ. ಸೂತ್ರ ಪ್ರಾಚೀನವೇ. ಅದು ಅಂದಾಜು ಎಂಬ ಎಚ್ಚರಿಕೆಯೂ ಅಷ್ಟೇ ಪ್ರಾಚೀನ. ಫಾರ್ವರ್ಡ್ ಆಗುವಾಗ ಎಚ್ಚರಿಕೆ ಮಾತ್ರ ಕಳೆದುಹೋಗಿದೆ.

ಗೊಂದಲಕ್ಕೆ ಇನ್ನೊಂದು ಕಾರಣ ತ್ರಾಪಿಜ್ಯ. ಅದರ ಸೂತ್ರದಲ್ಲೂ ಸರಾಸರಿ ಬರುತ್ತದೆ: ಸಮಾಂತರ ಬದಿಗಳ ಸರಾಸರಿಯನ್ನು ಅವುಗಳ ನಡುವಿನ ನೆಟ್ಟಗಿನ ದೂರದಿಂದ ಗುಣಿಸಬೇಕು. ಆ ದೂರದ ಬದಲು ಓರೆ ಬದಿಯ ಉದ್ದ ಹಾಕಿದರೆ ಮತ್ತೆ ಲೆಕ್ಕ ಹೆಚ್ಚು ಬರುತ್ತದೆ.

ಯಾವ ಆಕಾರಕ್ಕೆ ಯಾವ ಲೆಕ್ಕ?

- ಆಯತ: ಉದ್ದ × ಅಗಲ.
- ತ್ರಿಭುಜ: ಪಾದ × ಎತ್ತರ, ಅದರ ಅರ್ಧ. ಎತ್ತರ ಗೊತ್ತಿಲ್ಲದಿದ್ದರೆ ಹೆರಾನ್ ಸೂತ್ರ.
- ಸಮಾಂತರ ಚತುರ್ಭುಜ: ಪಾದ × ಎತ್ತರ. ಎತ್ತರ ಎಂದರೆ ಓರೆ ಬದಿಯಲ್ಲ, ನೆಟ್ಟಗಿನ ದೂರ.
- ವಜ್ರಾಕೃತಿ, ಗಾಳಿಪಟ: ಎರಡು ಕರ್ಣಗಳ ಗುಣಲಬ್ಧ, ಅದರ ಅರ್ಧ.
- ತ್ರಾಪಿಜ್ಯ: ಸಮಾಂತರ ಬದಿಗಳ ಸರಾಸರಿ × ಎತ್ತರ.
- ನಿಯಮಿತ ಬಹುಭುಜ: ಸುತ್ತಳತೆ × ಕೇಂದ್ರದಿಂದ ಬದಿಗಿರುವ ಲಂಬದೂರ, ಅದರ ಅರ್ಧ.
- ಉಳಿದದ್ದೆಲ್ಲ: ತ್ರಿಭುಜಗಳಾಗಿ ಒಡೆದು ಕೂಡಿಸಿ.

ಒಂದೇ ಮೂಲೆಯಿಂದ ಕರ್ಣಗಳನ್ನು ಎಳೆದರೆ ಪೀನ ಪಂಚಭುಜ ಮೂರು ತ್ರಿಭುಜಗಳಾಗುತ್ತದೆ, ಷಡ್ಭುಜ ನಾಲ್ಕು. ಬದಿಗಳ ಸಂಖ್ಯೆಯಿಂದ ಎರಡು ಕಳೆದರೆ ಸಾಕು. ನಿಮ್ನ ಆಕಾರದಲ್ಲಿ ಎಚ್ಚರ: ಕೆಲವು ಕರ್ಣಗಳು ಜಾಗದ ಹೊರಗೆ ಹಾದುಹೋಗುತ್ತವೆ, ಅವನ್ನು ಬಳಸಬೇಡಿ. ಮೂಲೆ ಕತ್ತರಿಸಿದ ಸೈಟನ್ನು ಎರಡು ಆಯತಗಳಾಗಿ ಒಡೆಯುವುದೇ ಸುಲಭ. ಮೇಲಿನ ಉದಾಹರಣೆಯಲ್ಲಿ 30 × 30 ಮತ್ತು 20 × 10, ಒಟ್ಟು 1100.

ಸೈಟ್ ನೋಡಲು ಹೋದಾಗ

ನೆಟ್ಟಗಿನ 30 × 40 ಸೈಟಿನ ಕರ್ಣ 50 ಅಡಿ ಇರಲೇಬೇಕು. ಮೂಲೆ ನೆಟ್ಟಗಿದೆಯೇ ಎಂದು ಮೇಸ್ತ್ರಿಗಳು ನೋಡುವ 3-4-5ರ ಲೆಕ್ಕವೇ ಇದು. ಎದುರು ಬದಿಗಳು ಸಮ, ಎರಡೂ ಕರ್ಣಗಳು ಸಮ ಇದ್ದರೆ ಅದು ಆಯತ. ಕರ್ಣಗಳು ಬೇರೆ ಬಂದರೆ ಸೈಟ್ ಓರೆಯಾಗಿದೆ, ಉದ್ದ × ಅಗಲ ನಡೆಯುವುದಿಲ್ಲ.

ಟೇಪ್ ಜೋತುಬೀಳದಂತೆ ಬಿಗಿಯಾಗಿ ಹಿಡಿಯಿರಿ. ಇಳಿಜಾರಿದ್ದರೆ ನೆಲಕ್ಕೆ ಒರಗಿಸಿ ಅಳೆಯಬೇಡಿ, ಮಟ್ಟವಾಗಿ ಹಿಡಿಯಿರಿ. ಜಮೀನಿನ ವಿಸ್ತೀರ್ಣ ಎಂದರೆ ಮಟ್ಟದ ಅಳತೆ. ಇಳಿಜಾರಿನ ಉದ್ದ ಹಾಕಿದರೆ ಜಾಗ ಮತ್ತೆ ಹೆಚ್ಚು ಕಾಣುತ್ತದೆ.

ಮೊಬೈಲ್ ಆ್ಯಪ್‌ನಲ್ಲಿ ಸೈಟಿನ ಸುತ್ತ ನಡೆದು ಅಳೆಯಬಹುದೇ? ಫೋನಿನ ಜಿಪಿಎಸ್ ತೆರೆದ ಆಕಾಶದ ಕೆಳಗೂ ಸುಮಾರು 5 ಮೀಟರ್ ಆಚೀಚೆ ತೋರಿಸಬಹುದು. 30 × 40 ಸೈಟಿನ ಅಗಲವೇ ಸುಮಾರು 9 ಮೀಟರ್. ಎಕರೆಗಟ್ಟಲೆ ಹೊಲದ ಅಂದಾಜಿಗೆ ಆ್ಯಪ್ ಸಾಕು, ಸೈಟಿನ ವ್ಯವಹಾರಕ್ಕೆ ಸಾಲದು.

ಕ್ರಯಪತ್ರದ ಕರಡಿನಲ್ಲಿ ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ಅಳತೆಗಳನ್ನು ಎರಡು ಸಂಖ್ಯೆ ಕೂಡಿಸಿ ಎರಡರಿಂದ ಭಾಗಿಸಿದಂತೆ ಬರೆದಿದ್ದರೆ ಅಲ್ಲೇ ನಿಲ್ಲಿ. ಅದು ಈ ಸರಾಸರಿ ಸೂತ್ರದ ಗುರುತು. ಒಟ್ಟು ಚದರ ಅಡಿ ಅದರಿಂದಲೇ ಬಂದಿದೆಯೇ ಎಂದು ಕೇಳಿ. ನಿಮ್ಮ ಟೇಪ್ ಲೆಕ್ಕ ಪ್ರಶ್ನೆ ಕೇಳಲು ಸಾಕು. ಹಣ ಕೊಡುವ ಮೊದಲು ಪರವಾನಗಿ ಇರುವ ಭೂಮಾಪಕರಿಂದ ಅಳೆಸಿ ನಕ್ಷೆ ಪಡೆಯಿರಿ.

ಚಿಕ್ಕಪ್ಪನ ಸೈಟಿಗೆ ನಾವು ಮತ್ತೆ ಹೋಗಿ ಕರ್ಣ ಅಳೆಯಲು ಹಿಡಿದದ್ದು ಹತ್ತು ನಿಮಿಷ. ಮುಂಗಡದ ಮಾತು ಹೊಸ ಸಂಖ್ಯೆಯಿಂದ ಶುರುವಾಯಿತು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

"ಓರೆ ಸೈಟಿಗೆ ಎದುರು ಬದಿಗಳ ಸರಾಸರಿ ಗುಣಿಸಬೇಡಿ, ಜಾಗ ಯಾವಾಗಲೂ ಹೆಚ್ಚೇ ಬರುತ್ತದೆ. ನಾಲ್ಕು ಬದಿಗಳ ಜೊತೆ ಒಂದು ಕರ್ಣವನ್ನೂ ಅಳೆಯಿರಿ. ಎರಡು ತ್ರಿಭುಜ ಮಾಡಿ, ಹೆರಾನ್ ಸೂತ್ರ ಹಾಕಿ, ಕೂಡಿಸಿ. ಕರ್ಣ ಅಳೆಯದೆ ಮುಂಗಡ ಕೊಡಬೇಡಿ."